ದಾಮುವಿನ ಪಟ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಸೇನೆಯಲ್ಲಿ ಛಾಯಾಗ್ರಾಹಕನಾಗಿದ್ದವನು ನಾನು. ಫಿಲ್ಮಿನ ಮೇಲೆ ಮೂಡದ್ದು ಇಲ್ಲವೇ ಇಲ್ಲ ಎಂದು ನಂಬಿದ್ದೆ. ಈಗಲೂ ದೆವ್ವ ಪಿಶಾಚಿಗಳ ಮಾತು ಬಂದರೆ ಎದ್ದು ಹೋಗುತ್ತೇನೆ. ಆದರೆ ೧೯೬೩ರ ಜನವರಿಯಲ್ಲಿ, ಬಲ್ಮಠದ ಒಂದು ಸ್ಟುಡಿಯೋದಲ್ಲಿ, ನಡುಮಧ್ಯಾಹ್ನ ನಡೆದದ್ದನ್ನು ಮಾತ್ರ ಇಂದಿಗೂ ನಕ್ಕು ತಳ್ಳಿಹಾಕಲಾಗಿಲ್ಲ.

ಚೀನಾ ಯುದ್ಧದಲ್ಲಿ ನನ್ನ ಕೆಲಸ ಗುಂಡು ಹಾರಿಸುವುದಾಗಿರಲಿಲ್ಲ. ಮುರಿದ ಸೇತುವೆ, ಕುಸಿದ ರಸ್ತೆ, ಗಾಯಾಳುಗಳು, ಸತ್ತವರ ಮುಖ, ಹೀಗೆ ಹೇಳಿದ್ದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ಮೇಲಿನವರಿಗೆ ಒಪ್ಪಿಸಬೇಕಿತ್ತು. ಚಳಿಗೆ ಶಟರು ಕಚ್ಚಿಕೊಳ್ಳುತ್ತಿದ್ದುದರಿಂದ ಕ್ಯಾಮೆರಾವನ್ನು ಕೋಟಿನೊಳಗೆ ಅವಚಿಕೊಂಡೇ ಮಲಗುತ್ತಿದ್ದೆ. ಅಲ್ಲಿ ಸಿಕ್ಕಿದವನು ದಾಮು. ಬೆಂಗ್ರೆಯ ಮೀನುಗಾರರ ಮನೆಯ ಹುಡುಗ, ಸೇನೆಯಲ್ಲಿ ಲಾರಿ ಚಾಲಕ. ನಾನು ದೇರೆಬೈಲಿನ ಕೊಂಕಣಿ ಕ್ರೈಸ್ತನೆಂದು ತಿಳಿದ ದಿನವೇ ಊರಿನ ರೂಢಿಯಂತೆ ‘ಪೊರ್ಬುಲೆ’ ಎಂದು ಕರೆಯತೊಡಗಿದ. ಅಷ್ಟು ದೊಡ್ಡ ಸೈನ್ಯದಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಒಮ್ಮೆ ಲಾರಿಯ ಬಾಗಿಲಿಗೆ ಒರಗಿ ನಗುತ್ತಿದ್ದಾಗ ನನ್ನ ಸ್ವಂತ ಕ್ಯಾಮೆರಾದಲ್ಲಿ ಅವನದೊಂದು ಪಟ ತೆಗೆದಿದ್ದೆ.

ಹಿಮ್ಮೆಟ್ಟುವಾಗ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಕಣಿವೆಯ ಆಚೆಯ ದಾರಿಯಲ್ಲಿ ದಾಮುವಿನ ಲಾರಿ ಉರಿಯುವುದನ್ನು ಕಂಡೆ. ಅಭ್ಯಾಸಬಲದಿಂದ ಅದರ ಪಟವನ್ನೂ ತೆಗೆದೆ. ಮುಂದೆ ಆಸ್ಪತ್ರೆಯಲ್ಲಿದ್ದಾಗ ಅಧಿಕಾರಿಯೊಬ್ಬರು ಆ ಪಟ ಹಿಡಿದು, “ಚಾಲಕ ಒಳಗಿದ್ದನೇ?” ಎಂದು ಕೇಳಿದರು. “ಇದ್ದ” ಎಂದುಬಿಟ್ಟೆ. ಅವನು ಲಾರಿ ಬಿಟ್ಟು ಇರುವವನಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅವನ ಮನೆಗೆ ಸಾವಿನ ತಂತಿ ಹೋಯಿತು.

ಹಿಮ ಕಚ್ಚಿ ನನ್ನ ಎರಡು ಕಾಲ್ಬೆರಳು ಹೋಗಿದ್ದವು. ರಜೆಯಲ್ಲಿ ಊರಿಗೆ ಬಂದ ವಾರದಲ್ಲೇ ದಾಮುವಿನ ತಾಯಿ ಕಲ್ಯಾಣಕ್ಕ, ಹಿರಿಯ ಮಗ ಲಿಂಗಪ್ಪನೊಂದಿಗೆ ನನ್ನನ್ನು ಹುಡುಕಿಕೊಂಡು ಬಂದರು. ನಾವು ಮಾತಾಡಿದ್ದು ತುಳುವಿನಲ್ಲಿ.

“ನೀವು ಅವನ ಪಟ ತೆಗೆದಿದ್ದೀರಂತೆ, ಕಾಗದ ಬರೆದಿದ್ದ” ಎಂದರು ಕಲ್ಯಾಣಕ್ಕ. “ದೊಡ್ಡದು ಮಾಡಿ ಕೊಡಿ ಪೊರ್ಬುಲೆ. ನಾಡಿದ್ದು ಬೊಜ್ಜ. ಎದುರಿಗೆ ಇಡ್ಲಿಕ್ಕೆ ಅವನದೊಂದು ಮುಖವಾದರೂ ಬೇಕಲ್ಲ?”

ಬೊಜ್ಜವೆಂದರೆ ಉತ್ತರಕ್ರಿಯೆ. ದೇಹವೇ ಬಾರದ ಮಗನಿಗೆ ಪಟವೇ ದೇಹ. ಒಪ್ಪಿಕೊಂಡೆ.

ಮರುದಿನ ಗೆಳೆಯ ಸದಾನಂದನ ಸ್ಟುಡಿಯೋದ ಡಾರ್ಕ್ ರೂಮಿಗೆ ಹೊಕ್ಕು ಬಾಗಿಲು ಹಾಕಿಕೊಂಡೆ. ಕೆಂಪು ಬಲ್ಬಿನ ಬೆಳಕಿನಲ್ಲಿ ಹಾಳೆಯನ್ನು ಡೆವಲಪರಿಗೆ ಇಳಿಸಿ ತಟ್ಟೆಯನ್ನು ಮೆಲ್ಲಗೆ ಕುಲುಕತೊಡಗಿದೆ. ಮೊದಲು ಟೋಪಿ ಮೂಡಿತು, ಆಮೇಲೆ ಹುಬ್ಬು, ಕಣ್ಣು. ತುಟಿ ಕಾಣಿಸಿಕೊಳ್ಳುತ್ತಿದ್ದ ಹೊತ್ತಿಗೆ ನನ್ನ ಬೆನ್ನಿಗೆ ತಾಗಿದ್ದ ಬಾಗಿಲನ್ನು ಯಾರೋ ತಟ್ಟಿದರು.

“ಪೊರ್ಬುಲೆ, ಪಟ ಮಲ್ಪೊಡ್ಚಿ.”

ಪಟ ಮಾಡಬೇಡಿ. ದಾಮುವಿನದೇ ಸ್ವರ. ಗೋಗರೆಯುವ ಸ್ವರವಲ್ಲ, ದಾರಿಯಲ್ಲಿ ಕಂಡಾಗ ಮಾತಾಡಿಸುತ್ತಿದ್ದ ಹಾಗೇ ಸಲೀಸಾಗಿತ್ತು. ಹಾಳೆಯ ಯೋಚನೆಯೇ ಇಲ್ಲದೆ ನಾನು ಬಾಗಿಲು ತೆರೆದೆ. ಹೊರಗೆ ಬಿಸಿಲು. ಸದಾನಂದ ದೂರದ ಮೇಜಿನ ಬಳಿ ಕುಳಿತು ಪಟಗಳ ಅಂಚು ಕತ್ತರಿಸುತ್ತಿದ್ದ.

“ಯಾರು ಬಂದದ್ದು?”

“ಯಾರೂ ಇಲ್ಲ ಮಾರಾಯ. ಎಂತ ಆಯ್ತು ನಿನಗೆ? ಮುಖ ಬಿಳಿ ಆಗಿದೆಯಲ್ಲ!”

ಒಳಗೆ ಬೆಳಕು ಬಿದ್ದು ಹಾಳೆ ಪೂರಾ ಕಪ್ಪಾಗಿತ್ತು. ಬೇರೆ ಹಾಳೆಗಳಿದ್ದವು, ನೆಗೆಟಿವ್ ಎನ್‌ಲಾರ್ಜರಿನಲ್ಲೇ ಇತ್ತು. ಕೈ ಏಳಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತಾಗ ಮೊದಲ ಬಾರಿಗೆ ನನ್ನನ್ನು ನಾನೇ ಕೇಳಿಕೊಂಡೆ: ನಾನು ನಿಜವಾಗಿ ಕಂಡದ್ದೇನು?

ಕುಂಟುತ್ತ ಬಂದರಿಗೆ ಹೋಗಿ ದೋಣಿ ಹಿಡಿದು ಬೆಂಗ್ರೆಗೆ ದಾಟಿದೆ. ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಕಲ್ಯಾಣಕ್ಕ ನನ್ನ ಖಾಲಿ ಕೈ ನೋಡಿದರು.

“ಪಟ ಆಗಲಿಲ್ಲ” ಎಂದೆ. “ನಾನು ನೋಡಿದ್ದು ಲಾರಿ ಉರಿಯುವುದನ್ನು ಅಕ್ಕ. ದಾಮುವನ್ನು ನೋಡಲಿಲ್ಲ. ಒಳಗಿದ್ದ ಅಂತ ಅಧಿಕಾರಿಗೆ ಹೇಳಿದ್ದು ನನ್ನ ತಪ್ಪು.”

ಲಿಂಗಪ್ಪ ನನ್ನ ಅಂಗಿ ಹಿಡಿದ. “ಈಗ ಬಂದು ಹೇಳ್ತೀರಾ? ಅಮ್ಮನಿಗೆ ಮತ್ತೆ ಆಸೆ ಹುಟ್ಟಿಸ್ತೀರಾ? ನಾಳೆ ಅವನು ಬರದಿದ್ದರೆ ಯಾರು ನೋಡಿಕೊಳ್ಳುವುದು ಇವರನ್ನು?”

ಅವನ ಸಿಟ್ಟು ನ್ಯಾಯವಾದದ್ದೇ. ಕಲ್ಯಾಣಕ್ಕ ಕಂಬ ನೆಡುತ್ತಿದ್ದವರ ಕಡೆ ತಿರುಗಿ, “ಕೀಳಿ. ನೋಡದೆ ಬೊಜ್ಜ ಮಾಡ್ಲಿಕ್ಕಿಲ್ಲ” ಎಂದರು.

ಆ ಸಂಜೆಯೇ ಹೇಳಿಕೆ ತಿದ್ದಿ ನನ್ನ ಅಧಿಕಾರಿಗೆ ಬರೆದೆ. ಮುಂದಿನ ವಾರಗಳು ಹೇಗೆ ಕಳೆದವೆಂದು ಕೇಳಬೇಡಿ. ಒಬ್ಬ ತಾಯಿಯನ್ನು ಸುಳ್ಳು ಆಸೆಗೆ ಕಟ್ಟಿಹಾಕಿದೆನೇ ಎಂದು ಇಗರ್ಜಿಯಲ್ಲಿ ಮೊಣಕಾಲೂರಿದರೂ ಸಮಾಧಾನವಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಲಿಂಗಪ್ಪ ನಮ್ಮ ಮನೆಗೆ ಓಡಿಬಂದ. ಕೈಯಲ್ಲಿದ್ದ ಕಾಗದ ಚಾಚಿದ. ಸೆರೆಯಾಳುಗಳ ಶಿಬಿರದಿಂದ ಬಂದದ್ದು. ದಾಮುವಿನದೇ ವಕ್ರ ಅಕ್ಷರ.

ಬೇಸಗೆ ಮುಗಿಯುವ ಮುನ್ನ ದಾಮು ಮನೆಗೆ ಬಂದ. ಸೊರಗಿದ್ದ, ಆದರೆ ನಡೆದೇ ದೋಣಿ ಹತ್ತಿದ. ರೇಡಿಯೇಟರಿಗೆ ನೀರು ತರಲು ಇಳಿದಿದ್ದಾಗ ಲಾರಿಗೆ ಬೆಂಕಿ ಬಿತ್ತಂತೆ, ನೀರಿನ ಬಳಿಯೇ ಸೆರೆಯಾದನಂತೆ. ಜನವರಿಯ ಆ ದಿನದ ಬಗ್ಗೆ ಕೇಳಿದೆ. “ಜ್ವರ ಇತ್ತು, ಇರಲಿಲ್ಲ, ಎಂತ ಗೊತ್ತುಂಟು ಪೊರ್ಬುಲೆ? ಅಲ್ಲಿ ಎಲ್ಲ ದಿನ ಒಂದೇ” ಎಂದು ನಕ್ಕುಬಿಟ್ಟ. ನನ್ನನ್ನು ನೆನೆದ ನೆನಪೂ ಅವನಿಗಿರಲಿಲ್ಲ.

ನನ್ನ ಮನಸ್ಸಾಕ್ಷಿಯೇ ಅವನ ಸ್ವರದಲ್ಲಿ ಮಾತಾಡಿತೆಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಬಾಗಿಲು ಅದುರಿದ್ದನ್ನು ನನ್ನ ಬೆನ್ನು ಬಲ್ಲದು.

ಕಲ್ಯಾಣಕ್ಕನಿಗೆ ಇದನ್ನು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಮೀನು ಹೆಚ್ಚುತ್ತ ಕುಳಿತಿದ್ದವರು ಪೂರ್ತಿ ಕೇಳಿದರು. ಆಶ್ಚರ್ಯಪಡಲಿಲ್ಲ, ಮುಖ ಮಾತ್ರ ಸಣ್ಣದಾಯಿತು.

“ಹೆತ್ತವಳು ನಾನು ಇಲ್ಲೇ ಇದ್ದೆ” ಎಂದರು. “ನನ್ನನ್ನು ಬಿಟ್ಟು ನಿಮ್ಮನ್ನು ಯಾಕೆ ಕರೆದದ್ದು ಅವನು?”