ಊಟ ಮಾಡಿಕೊಂಡು ಬಂದ ಅಳಿಯ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಮನೆಯಲ್ಲಿ ಅವ್ವನೆದುರು ಗೆದ್ದದ್ದು ಇನ್ನೂ ಕಡಿಮೆ. ಅಕ್ಕ ಬಾಣಂತನಕ್ಕೆ ಜಹೀರಾಬಾದಿನ ನಮ್ಮ ಮನೆಗೆ ಬಂದಾಗ ಅವ್ವನಿಗೂ ನನಗೂ ವಾದ ಭಾವನ ಬಗ್ಗೆ.

ಭಾವನಿಗೆ ತಾಂಡೂರಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ರವಿವಾರ ಮುಂಜಾನೆಯ ಬಸ್ಸಿಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಚಹಾ, ಆಮೇಲೆ ಹೋಳಿಗೆ ತುಪ್ಪ, ಆಮೇಲೆ ಅಪ್ಪನ ಕಬ್ಬಿನ ಮಾತು. ಕೂಸನ್ನು ತಂದು ತೋರಿಸಿ ಒಳಗೆ ಒಯ್ದರೆ ಮುಗಿಯಿತು, ಮತ್ತೆ ಬಸ್ಸು. ಒಳಗೆ ಅಕ್ಕ ಅರ್ಧ ಉಂಡು ತಟ್ಟೆ ಸರಿಸುತ್ತಿದ್ದಳು. ಮಾತಿಲ್ಲ. ನಗಿಸಲು ಹೋದರೆ ಅಳು. ದೃಷ್ಟಿ ಎಂದು ಅವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು ಎಂಬುದು ಅವಳದೇ ನಿಯಮ, ಮನೆಯವರೆಲ್ಲ ಕೆಮ್ಮಿದೆವು.

“ಭಾವನ್ನ ಒಳಗ ಕೂಡ್ಸವ್ವ. ಅಕ್ಕನ ಸಂಗಟ ಮಾತಾಡ್ಲಿ, ಕೂಸಿನ ಬಟ್ಟಿ ಬದಲಿ ಮಾಡ್ಲಿ,” ಅಂದೆ.

“ಅಳಿಯನ ಕೈಲೆ ಹೇಲಬಟ್ಟಿ ಹಿಡಿಸಾಕ ನಮ್ಮ ಮನಿತನ ಕೆಟ್ಟದೇನು? ಅಳಿಯ ಅಂದ್ರ ದೇವರಿದ್ದಂಗ.”

“ದೇವರು ಬಟ್ಟಿ ಮುಟ್ಟಬಾರ್ದಂತ ಯಾವ ಪುರಾಣದಾಗದ?”

“ಇದನ್ನೆಲ್ಲ ನಿನ್ನ ಗಂಡಗ ಹೇಳು. ಸಿಕ್ಕರ.”

ಆ ರವಿವಾರ ಸಂಜೆ ಬಸ್ ನಿಲ್ದಾಣದ ದಾರಿಯಲ್ಲಿ ಭಾವನಿಗೆ ಅಕ್ಕನ ಸ್ಥಿತಿಯನ್ನೆಲ್ಲ ಹೇಳಿದೆ. “ಆರಾಮದಾಳ ಅಂತಾರಲ್ಲ ಎಲ್ಲರೂ,” ಎಂದು ಬಸ್ಸು ಹತ್ತಿದರು.

ಮುಂದಿನ ರವಿವಾರ ಹೊಸಲಲ್ಲೇ ಹೇಳಿದರು: “ಊಟ ಆತು ಅತ್ತಿ. ಬಸ್ಟ್ಯಾಂಡಿನಾಗ ಮಾಡ್ಕೊಂಡೇ ಬಂದೀನ್ರಿ.” ಅವ್ವನ ಕೈಯಲ್ಲಿ ಲಟ್ಟಣಿಗೆ ಹಾಗೇ ಉಳಿಯಿತು. ಉಣ್ಣದ ಅಳಿಯನನ್ನು ಪಡಸಾಲೆಯಲ್ಲಿ ಕೂಡಿಸಿಕೊಳ್ಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಅವರು ನೆಟ್ಟಗೆ ಒಳಗೆ ಹೋಗಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅದರ ಬಟ್ಟೆ ಬಿಚ್ಚಿದರು. ಕೂಸು ಅವರ ಅಂಗಿ ತೋಯಿಸಿತು.

“ಕುತ್ತಿಗಿ ಹಿಡೀರಿ,” ಅಕ್ಕ ಎದ್ದು ಕೂತಳು.

“ನನಗ ಬರಂಗಿಲ್ಲ. ಹೇಳ್ಕೊಡು.”

“ನನಗೂ ಬರಂಗಿಲ್ರಿ. ಇದು ಅತ್ರ ಅಂಜಿಕಿ ಬರ್ತದ. ಎತ್ಕೊಳ್ಳಾಕ ಮನಸಾಗಲ್ಲ. ಇಂಥಾದ್ದು ಯಾರಿಗಿ ಹೇಳ್ಲಿ?”

“ನನಗ ಹೇಳು. ನಾಳಿ ಡಾಕ್ಟರ್ ಬಲ್ಲಿ ಹೋಗಮು. ನಾ ರಜಾ ಹಾಕ್ತೀನಿ.”

ಬಾಗಿಲಲ್ಲಿ ಅವ್ವ ನಿಂತಿದ್ದಳು. ಬಾಣಂತಿ ಹೊಸಲು ದಾಟಬಾರದು ಅಂದರೆ ಕೊಡಬೇಕಾದ ಉತ್ತರವನ್ನು ನಾನು ಸಿದ್ಧ ಮಾಡಿಕೊಂಡಿದ್ದೆ. ಅವಳು ವಾದಿಸಲಿಲ್ಲ.

“ಕಿವಿಗಿ ಅರಿವಿ ಕಟ್ಕೊಂಡು ಹೋಗವ್ವ,” ಎಂದು ಅಕ್ಕನಿಗೆ ಹೇಳಿ, ಅಳಿಯನ ಮುಂದೆ ಕೈ ಚಾಚಿದಳು. “ಆ ಅಂಗಿ ಕೊಡ್ರಿ, ಒಗೀತೀನಿ. ಹಾಸಿಗಿ ಇಲ್ಲೇ ಹಾಕ್ತೀನಿ.”

ಅಕ್ಕ ಸುಧಾರಿಸಲು ತಿಂಗಳುಗಳೇ ಹಿಡಿದವು. ಆದರೆ ಆ ಮಧ್ಯಾಹ್ನ, ಕೂಸನ್ನು ಗಂಡನ ಕಾಲ ಮೇಲೆ ಬಿಟ್ಟು, ಗಾಢವಾಗಿ ನಿದ್ದೆಹೋದಳು.