ಎರಡು ಪಿನ್ನು

ಕೆಮ್ಮಿದರೆ ನನಗೆ ಉಚ್ಚೆ ಸೋರುತ್ತದೆ. ನಕ್ಕರೂ ಅಷ್ಟೆ. ಸೀನಿನ ಕಥೆಯಂತೂ ಕೇಳಲೇಬೇಡಿ. ಎರಡನೇ ಹೆರಿಗೆಯಾದ ಮೇಲೆ ಶುರುವಾದದ್ದು. ಆ ಮಗುವಿಗೇ ಈಗ ಮದುವೆಯಾಗಿದೆ. ಹಳೆ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಸೊಂಟಕ್ಕೆ ಕಟ್ಟಿದ ಲಾಡಿಗೆ ಮುಂದೊಂದು ಹಿಂದೊಂದು ಪಿನ್ನು ಚುಚ್ಚಿಕೊಂಡು ಇಷ್ಟು ವರ್ಷ ಕಳೆದೆ. ಪ್ಯಾಡು ಸಿಗುತ್ತದೆ, ಗೊತ್ತು. ಆದರೆ ಹಡಗಲಿಯಲ್ಲಿ ನಮ್ಮ ಮನೆ ಹತ್ತಿರದ ಔಷಧಿ ಅಂಗಡಿಯವನು ಬೀಗರ ಕಡೆಯವನು.

ಬೆನ್ನುನೋವಿಗೆ ಡಾಕ್ಟರು ಎಂ.ಆರ್.ಐ. ಬರೆದುಕೊಟ್ಟರು. ದಾವಣಗೆರೆಗೆ ಹೋಗಬೇಕು. ಗಂಡನಿಗೆ ಮಲ್ಲಿಗೆ ಕೀಳಿಸುವ ಕೆಲಸ, ಹಾಗಾಗಿ ಹರಪನಹಳ್ಳಿಯಲ್ಲಿರುವ ತಮ್ಮ ಅಕ್ಕನನ್ನು ಜೊತೆ ಮಾಡಿದರು. ಆಕೆಯ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಬೆಳಿಗ್ಗೆ ಆಕೆಗೆ ತಿಳಿದದ್ದು ಮಧ್ಯಾಹ್ನಕ್ಕೆ ಕೊಟ್ಟೂರಿನ ತಂಗಿಗೆ, ಸಂಜೆಗೆ ಕೂಡ್ಲಿಗಿಯ ಮಗಳಿಗೆ ಗೊತ್ತು. ನನ್ನ ವಿಷಯ ಆಕೆಗೆ ತಿಳಿದರೆ ಮುಂದಿನ ಯಾವ ಮದುವೆಗೂ ನಾನು ಮುಖ ಎತ್ತಿಕೊಂಡು ಹೋಗುವ ಹಾಗಿರಲಿಲ್ಲ.

ಹಿಂದಿನ ದಿನದಿಂದಲೇ ನೀರು ಬಿಟ್ಟೆ. ಬಸ್ಸಿನಲ್ಲಿ ಆಕೆ ಬಾಟಲಿ ಚಾಚಿದಳು.

"ಇಂಥಾ ಬಿಸಿಲಾಗ ನೀರು ಬ್ಯಾಡಂತೀಯಲ್ಲ, ಏನಾಗೈತಿ ನಿನಗ?"

"ಸೋಮವಾರದ ಉಪವಾಸ ಅಕ್ಕಾ."

"ಇವತ್ತು ಮಂಗಳವಾರ."

"ನಿನ್ನಿದು ಇನ್ನೂ ಮುಗಿದಿಲ್ಲ," ಎಂದೆ. ಆಕೆ ನನ್ನನ್ನೇ ನೋಡಿ, ಬಾಟಲಿಯ ಮುಚ್ಚಳ ಹಾಕಿದಳು. ತಾನೂ ಕುಡಿಯಲಿಲ್ಲ.

ಸ್ಕ್ಯಾನಿನ ಕಡೆ ಗೌನು ಹಾಕಿಸಿದರು. ತಾಳಿ, ಕಾಲುಂಗುರ, ಓಲೆ, ಮೂಗುತಿ ಎಲ್ಲವನ್ನೂ ಅಕ್ಕ ಒಂದೊಂದಾಗಿ ಬಿಚ್ಚಿ ತನ್ನ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು.

"ಮೈಮ್ಯಾಲೆ ಇನ್ನೇನಾರ ಕಬ್ಬಿಣದ್ದು ಐತೇನ್ರಿ?" ನರ್ಸಮ್ಮ ಕೇಳಿದರು.

"ಏನೂ ಇಲ್ರಿ."

"ಸರಿಯಾಗಿ ನೋಡಿ ಹೇಳ್ರಿ. ಒಂದು ಸಣ್ಣ ಪಿನ್ನಿದ್ರೂ ಮಷೀನು ಎಳಕೊಂತೈತಿ."

ಎಲ್ಲಿಂದ ಎಳೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದೆ. ಮರ್ಯಾದೆ ದೊಡ್ಡದೇ, ಆದರೆ ಅಷ್ಟು ದೊಡ್ಡದಲ್ಲ. ಬಾಗಿಲ ಹತ್ತಿರ ಹೋದವಳು ನಿಂತೆ.

"ಎರಡು ಪಿನ್ನು ಅದಾವ್ರಿ."

"ಎಲ್ಲಿ?" ಎಂದಳು ಅಕ್ಕ.

ತೋರಿಸಿದೆ. ನರ್ಸಮ್ಮ ದೊಡ್ಡವರ ಡೈಪರ್ ತಂದುಕೊಟ್ಟರು. ಪರದೆಯ ಹಿಂದೆ ಅಕ್ಕನೇ ಪಿನ್ನು ಬಿಚ್ಚಿದಳು, ಒದ್ದೆ ಬಟ್ಟೆಯನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಒಳಗೆ ಮಷೀನು ಬೋರ್‌ವೆಲ್ ಕೊರೆದ ಹಾಗೆ ಬಡಿದುಕೊಳ್ಳುತ್ತಿತ್ತು. ಅಲುಗಾಡಬಾರದು ಎಂದಿದ್ದರು. ನಾನು ಅಲುಗಾಡಲಿಲ್ಲ, ಸೋರಿದೆ. ಈಗ ಕೊಟ್ಟೂರಿಗೆ ಫೋನ್ ಹೋಗಿರುತ್ತದೆ, ಈಗ ಕೂಡ್ಲಿಗಿಗೆ ಎಂದು ಎಣಿಸುತ್ತ ಮಲಗಿದ್ದೆ.

ಹೊರಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಫೋನು ಚೀಲದೊಳಗೇ ಇತ್ತು. ಪಕ್ಕದಲ್ಲಿ ಕೂಡಿಸಿಕೊಂಡು, ಅಂಗೈಯಲ್ಲಿದ್ದ ಪಿನ್ನುಗಳನ್ನು ತೋರಿಸಿ ಮೆಲ್ಲಗೆ ಬೈದಳು.

"ಬರೇ ಎರಡೇನ ತಂಗಿ? ಬಸ್ಸಿನ್ಯಾಗ ಇಷ್ಟು ದೂರ ಎರಡರಾಗ ಹೆಂಗ ಬಂದಿ? ನಾನು ನಾಕು ಹಾಕ್ತೀನಿ."

ಎಳ್ಳುಕಾಳು ನೆನೆಯದ ಬಾಯಲ್ಲಿ ಇದೊಂದು ಎಷ್ಟು ವರ್ಷದಿಂದ ನೆನೆದಿತ್ತೋ! ನನಗೆ ನಗು ತಡೆಯಲಾಗಲಿಲ್ಲ. ಆಕೆಗೂ ಆಗಲಿಲ್ಲ. ನರ್ಸಮ್ಮ ಬಂದು "ಆತು, ಹೋಗಬಹುದ್ರಿ" ಎಂದರು. ನಾನು ಆಕೆಯನ್ನು ನೋಡಿದೆ, ಆಕೆ ನನ್ನನ್ನು ನೋಡಿದಳು. ಇಬ್ಬರಿಗೂ ಬೆಂಚಿನಿಂದ ಏಳುವ ಧೈರ್ಯವಾಗಲಿಲ್ಲ.