ನಕಾಶೆಯ ನೀರು ಇಳಿಯುವ ತನಕ

ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಮೊನ್ನೆ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಕಾದ ಧೂಳಿನ ವಾಸನೆ ಬಂತು... ಬಾಗಲಕೋಟೆ ನವನಗರದಲ್ಲಿ ನಮ್ಮ ಪಕ್ಕದ ಮನೆಯವರು ಇಟ್ಟಿದ್ದ ಇಂಟರ್ನೆಟ್ ಸೆಂಟರಿನ ವಾಸನೆ ಅದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು, ಅಂತರ್ಜಾಲದಲ್ಲಿ ಸೋಜಿಗಗಳನ್ನು ಹೆಕ್ಕುವುದು ನನ್ನ ಹುಚ್ಚು. ಹೊಟ್ಟೆಪಾಡನ್ನು ಕಾಲೇಜು ಕಲಿಸಿತು, ಹುಚ್ಚು ಹಿಡಿಸಿದವರು ಕಾಕಾ.

ಪರೀಕ್ಷೆಯ ಫಲಿತಾಂಶ ನೋಡಲು ಮಂದಿ ಸಾಲುಗಟ್ಟಿ ನಿಂತರೂ ಅವರು ತಮ್ಮ ಕುರ್ಚಿ ಬಿಡುತ್ತಿರಲಿಲ್ಲ. ಒಮ್ಮೆ ಯಾವುದೋ ದೇಶದಲ್ಲಿ ಹದ್ದಿನ ಗೂಡಿಗೆ ಕ್ಯಾಮರಾ ಹಚ್ಚಿದ್ದರು, ಮರಿ ಹೊರಬರುವ ಗಳಿಗೆ ಅದು.

"ರಿಸಲ್ಟ್ ಎಲ್ಲಿಗೂ ಓಡಿಹೋಗೂದಿಲ್ರಿ. ಮರಿ ಇನ್ನೊಮ್ಮೆ ತತ್ತಿ ಒಡೀತದೇನು?" ಎಂದರು. ವ್ಯಾಪಾರಕ್ಕೆ ಹೀಗೆ ಎಳ್ಳುನೀರು ಬಿಡುವ ಗುಣ ನನಗೆ ಭಾಳ ಮೆಚ್ಚುಗೆಯಾಗಿತ್ತು, ಈಗಲೂ ಆಗಿದೆ.

ಉಪಗ್ರಹದ ಚಿತ್ರ ತೋರಿಸುವ ನಕಾಶೆ ಬಂದ ಹೊಸತರಲ್ಲಿ ಎಲ್ಲರೂ ಸೆಂಟರಿಗೆ ಬಂದು ತಂತಮ್ಮ ಮನೆ ಹುಡುಕಿದರು. ಕಾಕಾ ಹುಡುಕಿದ್ದು ಹಳೇ ಊರಿನ ಮನೆ. ಹೊಳೆ ಕಡೆಯ ಓಣಿಯಲ್ಲಿದ್ದ ಆ ಮನೆ ಆಣೆಕಟ್ಟಿನ ಹಿನ್ನೀರು ಬಂದಾಗ ಮುಳುಗಡೆಯಾಗಿತ್ತು. ಅದರ ಒಂದು ಫೋಟೋ ಕೂಡ ಅವರ ಹತ್ತಿರ ಇರಲಿಲ್ಲ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಫೋಟೋ ತೆಗೆಯಬೇಕೆಂದು ಯಾರಿಗೆ ಹೊಳೆದೀತು? ಆ ಮನೆಯನ್ನು ಇನ್ನೊಮ್ಮೆ ನೋಡಬೇಕು, ಅಷ್ಟೇ ಅವರ ಆಸೆ.

ಪರದೆಯ ಮೇಲೆ ಬರೀ ನೀರಿತ್ತು. ಕಾಕಾ ಚಿತ್ರವನ್ನು ಹತ್ತಿರ ಎಳೆದರು, ಇನ್ನೂ ಹತ್ತಿರ ಎಳೆದರು, ನೀರೇ ದೊಡ್ಡದಾಯಿತು.

"ಇರ್ಲಿ. ಬ್ಯಾಸಗಿ ಬರ್ಲಿ, ನೀರು ಇಳದ ಮ್ಯಾಲೆ ನೋಡೋಣಂತ."

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಮುಳುಗಡೆಯ ಮಂದಿ ತಮ್ಮ ಮನೆಯ ತಳಪಾಯದ ಕಲ್ಲು ನೋಡಿಕೊಂಡು ಬರುವುದುಂಟು. ನಕಾಶೆಯ ನೀರೂ ಹಾಗೇ ಇಳಿಯುತ್ತದೆ ಎಂದು ಅವರು ನಂಬಿದ್ದರು. ಇದು ಎಂದೋ ತೆಗೆದಿಟ್ಟ ಚಿತ್ರ ಎಂದು ನಾನು ತಿಳಿಸಿ ಹೇಳಿದೆ.

"ನೀ ಸುಮ್ನಿರು ತಂಗಿ" ಎಂದರು.

ಬೇಸಿಗೆ ಬಂತು, ಹೋಯಿತು. ನಕಾಶೆಯ ನೀರು ಜಪ್ಪಯ್ಯ ಅನ್ನಲಿಲ್ಲ. ಕಾಕಾ ಮಾತ್ರ ಪ್ರತಿ ಬೇಸಿಗೆಯೂ ನೋಡಿದರು. ಸೆಂಟರು ಮುಚ್ಚಿದ ಮೇಲೆ ನಮ್ಮ ಮನೆಗೇ ಬಂದು, ನನ್ನ ಪಕ್ಕ ಕುಳಿತು ನೋಡಿದರು. ಆಮೇಲೆ ಒಂದು ಬೇಸಿಗೆಗೆ ಅವರೇ ಇರಲಿಲ್ಲ...

ಈ ವಾಸನೆಯ ನೆಪದಿಂದಲೇ ನಾನು ಮತ್ತೆ ಹುಡುಕಲು ಕುಳಿತದ್ದು. ಹಳೆಯ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟ ತಾಣವೊಂದು ಸಿಕ್ಕಿತು. ಆಗೆಲ್ಲ ಫಿಲಂ ಸುರುಳಿಯನ್ನು ಡಬ್ಬಿಯಲ್ಲಿಟ್ಟು ಬಾಹ್ಯಾಕಾಶದಿಂದ ಕೆಳಗೆ ಬಿಡುತ್ತಿದ್ದರಂತೆ. ಪ್ಯಾರಾಚೂಟಿನಲ್ಲಿ ಇಳಿಯುವ ಡಬ್ಬಿಗೆ ವಿಮಾನದಿಂದ ಕೊಕ್ಕೆ ಹಾಕಿ ಗಾಳಿಯಲ್ಲೇ ಹಿಡಿಯುತ್ತಿದ್ದರಂತೆ. ಇದನ್ನು ಕೇಳಿದ್ದರೆ ಕಾಕಾ ಊಟ ಬಿಡುತ್ತಿದ್ದರು. ಯಾರೋ ಯಾರ ಮೇಲೋ ಕಣ್ಣಿಟ್ಟಾಗ ನಮ್ಮ ಬಾಗಲಕೋಟೆಯೂ ಅದರೊಳಗೆ ಸಿಕ್ಕಿಕೊಂಡಿತ್ತು. ಹಿನ್ನೀರು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಊರು. ಘಟಪ್ರಭೆಯ ತಿರುವು, ಓಣಿಗಳ ಗೆರೆ, ಒತ್ತೊತ್ತಾಗಿ ಮಾಳಿಗೆಗಳು. ಲ್ಯಾಪ್‌ಟಾಪ್ ಹಿಡಿದು ಪಕ್ಕದ ಮನೆಗೆ, ಕಾಕಾನ ಹೆಂಡತಿ ಕಾಕೂ ಬಳಿಗೆ ಓಡಿದೆ.

ಕಾಕೂ ಕನ್ನಡಕ ಏರಿಸಿ ನೋಡಿದರು. "ಮ್ಯಾಲಿಂದ ನೋಡಿದ್ರ ನಂಗೇನು ತಿಳೀತದವಾ? ಹೊಳಿ ಎಲ್ಲಿ ಅದ, ಅದನ್ನ ತೋರಸು."

ತೋರಿಸಿದೆ. ಸೊಸೆಯಾಗಿ ಬಂದ ಹೊಸತರಲ್ಲಿ ದಿನಾಲು ಕೊಡ ಹೊತ್ತು ನಡೆದ ದಾರಿ ಅವರದು. ದಂಡೆಯಿಂದ ಅವರ ಬೆರಳು ಮೇಲಕ್ಕೆ ಹೊರಟಿತು, ಸಾವಕಾಶವಾಗಿ ಬಲಕ್ಕೆ ಹೊರಳಿತು, ಸಣ್ಣದೊಂದು ಸಂದಿಯ ಬಾಯಲ್ಲಿ ನಿಂತಿತು.

"ಇದ."

ಅಕ್ಕಿಕಾಳಿನಷ್ಟು ಬಿಳಿ ಚೌಕ. ಕಾಕಾ ಇರಬೇಕಿತ್ತು ಅನ್ನಿಸಿತು. ಅದನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸಲು ಹೋದೆ. ಕಾಕೂ ನನ್ನ ಕೈ ಹಿಡಿದರು.

"ಸಾಕು, ಮುಚ್ಚಿಬಿಡು. ಅವ್ರು ನೋಡಬೇಕಾಗಿದ್ದನ್ನ ನಾ ಒಬ್ಬಾಕಿನ ಹ್ಯಾಂಗ ನೋಡ್ಲಿ?"